ನಿಲ್ದಾಣದಿಂದ ಊರಿನವರೆಗೆ: 1876–78ರ ಬರಗಾಲದಲ್ಲಿ ಸರ್ಕಾರ ಮತ್ತು ವರ್ತಕರ ಸಹಕಾರ

1. ಪ್ರವೇಶ

ಜನಪದರ ನೆನಪಿನಲ್ಲಿ ಬರಗಾಲಗಳು ಇಸವಿಗಳಿಂದ ಉಳಿದಿಲ್ಲ, ಹೆಸರುಗಳಿಂದ ಉಳಿದಿವೆ. ದಖ್ಖನ್ನಿನ ದುರ್ಗಾದೇವಿ ಬರ ಅಂತಹ ಒಂದು ಹೆಸರು. ಸತ್ತವರ ತಲೆಬುರುಡೆಗಳ ನೆನಪನ್ನು ಹೆಸರಿನಲ್ಲಿಯೇ ಹೊತ್ತುಕೊಂಡ 1791–92ರ ಬರ ಇನ್ನೊಂದು. ಕನ್ನಡ ನಾಡಿನ ಬಹುಭಾಗವನ್ನು ಬರಿದುಮಾಡಿದ 1876–78ರ ಬರವನ್ನು ಜನ ಸಂವತ್ಸರಗಳ ಹೆಸರಿನಿಂದಲೇ ಗುರುತಿಸಿದರು. ಮಳೆ ಕೈಕೊಟ್ಟ ವರ್ಷ ಧಾತು ಸಂವತ್ಸರ. ಸಾವು ತೀರ ಹೆಚ್ಚಿದ ಮರುವರ್ಷ ಈಶ್ವರ ಸಂವತ್ಸರ. ಅರವತ್ತು ವರ್ಷಗಳಿಗೊಮ್ಮೆ ಅದೇ ಹೆಸರು ಮರಳಿ ಬರುವುದರಿಂದ, ಒಂದು ತಲೆಮಾರಿನ ಸಂಕಟ ಮುಂದಿನ ತಲೆಮಾರುಗಳಿಗೆ ಎಚ್ಚರಿಕೆಯಾಗಿ ದಾಟುವ ವ್ಯವಸ್ಥೆ ಈ ಹೆಸರಿಡುವ ಕ್ರಮದಲ್ಲಿಯೇ ಇದೆ.

ಈ ಬರವನ್ನು ಕುರಿತು ಸಾಕಷ್ಟು ಅಧ್ಯಯನಗಳು ನಡೆದಿವೆ. ವಸಾಹತುಶಾಹಿ ಆಡಳಿತದ ಕಠೋರತೆಯನ್ನು ಕೆಲವರು ವಿವರಿಸಿದ್ದಾರೆ. ವರ್ತಕರ ಲಾಭಕೋರತನವನ್ನು ಇನ್ನು ಕೆಲವರು ಎತ್ತಿ ತೋರಿಸಿದ್ದಾರೆ. ಆದರೆ ಆ ಎರಡು ವರ್ಷಗಳಲ್ಲಿ ಸರ್ಕಾರ ಮತ್ತು ವ್ಯಾಪಾರೀ ಸಂಸ್ಥೆಗಳು ಪರಸ್ಪರ ವಿರೋಧಿಗಳಾಗಿ ಮಾತ್ರ ನಿಂತಿರಲಿಲ್ಲ. ಧಾನ್ಯದ ಖರೀದಿ, ಹಡಗಿನ ಸಾಗಣೆ, ರೈಲು, ಗಂಜಿಕೇಂದ್ರಗಳಿಗೆ ಪೂರೈಕೆ ಮೊದಲಾದ ಎಲ್ಲದರಲ್ಲಿಯೂ ಇಬ್ಬರ ಕೈಗಳೂ ಕೂಡಿದ್ದವು. ಹಾಗಿದ್ದರೂ ದಕ್ಷಿಣ ಭಾರತ ಮತ್ತು ದಖ್ಖನ್ನಿನ ಪ್ರದೇಶಗಳಲ್ಲಿ ಸತ್ತವರ ಸಂಖ್ಯೆಯನ್ನು ವಿದ್ವಾಂಸರು 56 ಲಕ್ಷದಿಂದ 96 ಲಕ್ಷದವರೆಗೆ ಅಂದಾಜು ಮಾಡಿದ್ದಾರೆ. ಸಹಕಾರವಿದ್ದೂ ಇಷ್ಟು ಜನ ಸತ್ತದ್ದು ಹೇಗೆ ಎಂಬುದೇ ಪ್ರಸ್ತುತ ಲೇಖನದ ಪ್ರಶ್ನೆ. ಆ ಸಹಕಾರ ಧಾನ್ಯವನ್ನು ಬಂದರಿನಿಂದ ರೈಲು ನಿಲ್ದಾಣದವರೆಗೆ ತಂದಿತು; ನಿಲ್ದಾಣದಿಂದ ಊರಿಗೆ, ಊರಿನ ಅಂಗಡಿಯಿಂದ ಹಸಿದವನ ಕೈಗೆ ತಲುಪಿಸುವ ಹೊಣೆಯನ್ನು ಇಬ್ಬರಲ್ಲಿ ಯಾರೂ ತಮ್ಮದೆಂದು ಒಪ್ಪಿಕೊಳ್ಳಲಿಲ್ಲ ಎಂಬುದನ್ನು ಇಲ್ಲಿ ತೋರಿಸಲು ಪ್ರಯತ್ನಿಸಲಾಗಿದೆ.

2. ಹಗೇವು, ಕಣ ಮತ್ತು ಲಂಬಾಣಿ ಹೇರು

ರೈಲು ಬರುವುದಕ್ಕೆ ಮೊದಲು ಬರವನ್ನು ಎದುರಿಸುವ ಸಾಧನಗಳು ಈ ನಾಡಿನಲ್ಲಿ ಇರಲಿಲ್ಲವೆಂದು ಭಾವಿಸುವುದು ತಪ್ಪಾಗುತ್ತದೆ. ಮೊದಲನೆಯದು ಹಗೇವು. ಬಯಲುಸೀಮೆಯ ಊರುಗಳಲ್ಲಿ ನೆಲದೊಳಗೆ ತೋಡಿದ ಈ ಕಣಜಗಳಲ್ಲಿ ಜೋಳ ಮತ್ತು ರಾಗಿಯನ್ನು ತುಂಬಿ ಬಾಯಿ ಮುಚ್ಚುತ್ತಿದ್ದರು. ರಾಗಿ ಹುಳು ಹಿಡಿಯದೆ ಹಲವು ವರ್ಷ ಬಾಳುವ ಧಾನ್ಯವಾದ್ದರಿಂದ ಒಂದೆರಡು ವರ್ಷ ಮಳೆ ತಪ್ಪಿದರೂ ಉಳ್ಳವರ ಮನೆಯಲ್ಲಿ ಆಹಾರವಿರುತ್ತಿತ್ತು. ಹಗೇವು ಉಳ್ಳವರ ಆಸ್ತಿಯೇ ನಿಜ; ಆದರೆ ಅದು ಊರೊಳಗೇ ಇತ್ತು. ಯಾರ ಹಗೇವಿನಲ್ಲಿ ಎಷ್ಟಿದೆ ಎಂಬುದು ಊರಿಗೆ ಹೆಚ್ಚುಕಡಿಮೆ ತಿಳಿದಿರುತ್ತಿತ್ತು.

ಎರಡನೆಯದು ಕಣದಲ್ಲಿ ನಡೆಯುತ್ತಿದ್ದ ಹಂಚಿಕೆ. ಬಡಿಗ, ಕಮ್ಮಾರ, ಕುಂಬಾರ, ಅಗಸ, ತಳವಾರ ಮೊದಲಾದ ಆಯಗಾರರಿಗೆ ಬೆಳೆಯ ಒಂದು ಪಾಲು ರಾಶಿಯ ಹೊತ್ತಿಗೇ ಸಲ್ಲುತ್ತಿತ್ತು. ಈ ವ್ಯವಸ್ಥೆಯ ಜಾತಿಶ್ರೇಣಿಯನ್ನು ಮರೆತು ಅದನ್ನು ಆದರ್ಶೀಕರಿಸಬೇಕಾಗಿಲ್ಲ. ದುಡ್ಡಿಲ್ಲದವನಿಗೂ ಧಾನ್ಯದ ಮೇಲೆ ಒಂದು ಹಕ್ಕಿತ್ತು ಎಂಬ ಅಂಶವನ್ನು ಮಾತ್ರ ಇಲ್ಲಿ ಗಮನಿಸಬೇಕು.

ಮೂರನೆಯದು ಲಂಬಾಣಿಗರ ಹೇರೆತ್ತಿನ ವ್ಯಾಪಾರ. ಧಾನ್ಯ ಮತ್ತು ಉಪ್ಪನ್ನು ಎತ್ತುಗಳ ಮೇಲೆ ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ, ಸುಗ್ಗಿಯಾದ ಸೀಮೆಯಿಂದ ಬರ ಬಿದ್ದ ಸೀಮೆಗೆ ಇವರು ಸಂಚರಿಸುತ್ತಿದ್ದರು. ಆಪತ್ಕಾಲದಲ್ಲಿ ಪ್ರಭುತ್ವ ಮತ್ತು ವ್ಯಾಪಾರ ಕೈಜೋಡಿಸಿದ ಹಳೆಯ ನಿದರ್ಶನ ನಮಗೆ ಸಿಗುವುದು ಇಲ್ಲಿಯೇ. ಮೊಗಲರ ದಂಡಿಗೆ ಧಾನ್ಯ ಪೂರೈಸುತ್ತಿದ್ದವರು ಇವರು. 1791–92ರಲ್ಲಿ ಟಿಪ್ಪುವಿನ ವಿರುದ್ಧ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯವೂ, ಮುಂದೆ 1800 ಮತ್ತು 1803ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯವೂ ಹಸಿವಿನಿಂದ ಉಳಿದುಕೊಂಡದ್ದು ಬಹುಮಟ್ಟಿಗೆ ಲಂಬಾಣಿ ಹೇರುಗಳಿಂದ. ರಾಜ್ಯ ಅವರಿಗೆ ರಕ್ಷಣೆ ಮತ್ತು ಖರೀದಿಯ ಭರವಸೆ ಕೊಡುತ್ತಿತ್ತು. ಅವರು ದಂಡು ಎಲ್ಲಿ ಬೀಡುಬಿಟ್ಟಿದೆಯೋ ಅಲ್ಲಿಯವರೆಗೆ ಧಾನ್ಯ ತಲುಪಿಸುತ್ತಿದ್ದರು. ದಾರಿ ಇಲ್ಲದ ಕಡೆಗೂ ಎತ್ತು ನಡೆಯುತ್ತಿತ್ತು. ಯುದ್ಧಕ್ಕಾಗಿ ಕಟ್ಟಿದ ಈ ಒಪ್ಪಂದದಲ್ಲಿ, ಕೊನೆಯ ಹರದಾರಿಯ ಹೊಣೆ ಯಾರದೆಂಬ ಪ್ರಶ್ನೆಗೆ ಸ್ಪಷ್ಟ ಉತ್ತರವಿತ್ತು.

ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಈ ಮೂರೂ ಸಾಧನಗಳು ಸಡಿಲಗೊಂಡವು. ಕಂದಾಯವನ್ನು ನಗದಿನಲ್ಲಿ ಕಟ್ಟಬೇಕಾದ ರೈತ ಸುಗ್ಗಿಯಲ್ಲಿಯೇ ಧಾನ್ಯ ಮಾರತೊಡಗಿದ. 1860ರ ದಶಕದ ಹತ್ತಿಯ ಬೆಲೆಯೇರಿಕೆ ಬಳ್ಳಾರಿ, ಧಾರವಾಡ ಸೀಮೆಗಳ ಕರಿಯ ಹೊಲಗಳನ್ನು ಪೇಟೆಗೆ ಕಟ್ಟಿಹಾಕಿತು. ರಸ್ತೆ ಮತ್ತು ರೈಲು ಬಂದಂತೆ ಲಂಬಾಣಿಗರ ಹೇರು ಬೆಲೆ ಕಳೆದುಕೊಂಡಿತು. ಒಂದು ಕಾಲಕ್ಕೆ ದಂಡುಗಳ ಅನ್ನದಾತರಾಗಿದ್ದ ಈ ಸಮುದಾಯಕ್ಕೆ ಕೆಲವೆಡೆ ಅಪರಾಧಿ ಬುಡಕಟ್ಟು ಎಂಬ ಹಣೆಪಟ್ಟಿಯೂ ಅಂಟಿತು.

3. ಒರಿಸ್ಸಾ ಮತ್ತು ಬಿಹಾರದ ಪಾಠಗಳು

1876ರಲ್ಲಿ ಸರ್ಕಾರ ನಡೆದುಕೊಂಡ ರೀತಿಯನ್ನು ತಿಳಿಯಲು ಅದಕ್ಕೆ ಹಿಂದಿನ ಎರಡು ಬರಗಳನ್ನು ಸ್ಮರಿಸಬೇಕಾಗುತ್ತದೆ. 1866ರ ಒರಿಸ್ಸಾ ಬರದಲ್ಲಿ ಅಧಿಕಾರಿಗಳು ಧಾನ್ಯ ತರಿಸಲು ಒಪ್ಪಲಿಲ್ಲ. ಬೆಲೆ ಏರಿದರೆ ವ್ಯಾಪಾರಿಗಳೇ ಧಾನ್ಯ ತರುತ್ತಾರೆ, ಸರ್ಕಾರ ನಡುವೆ ಬಂದರೆ ಅವರು ಹಿಂಜರಿಯುತ್ತಾರೆ ಎಂಬುದು ಅಂದಿನ ಆಡಳಿತದ ನಂಬಿಕೆ. ಆಡಂ ಸ್ಮಿತ್‌ನ ಅರ್ಥಶಾಸ್ತ್ರವನ್ನು ಓದಿ ಬಂದ ಅಧಿಕಾರಿಗಳಿಗೆ ಇದು ಶಾಸ್ತ್ರವಾಕ್ಯವಾಗಿತ್ತು. ವ್ಯಾಪಾರಿಗಳು ಬರುವ ಮೊದಲೇ ಮುಂಗಾರು ಬಂತು, ಬಂದರುಗಳು ಮುಚ್ಚಿಹೋದವು. ಸುಮಾರು 10 ಲಕ್ಷ ಜನ ಸತ್ತರು. ಇದು ಆ ಸೀಮೆಯ ಜನಸಂಖ್ಯೆಯ ಮೂರನೆಯ ಒಂದು ಭಾಗ.

ಇದರಿಂದ ಎಚ್ಚೆತ್ತ ಸರ್ಕಾರ 1873–74ರ ಬಿಹಾರದ ಬರದಲ್ಲಿ ತದ್ವಿರುದ್ಧವಾಗಿ ನಡೆದುಕೊಂಡಿತು. ಸರ್ ರಿಚರ್ಡ್ ಟೆಂಪಲ್ ಬರ್ಮಾದಿಂದ 4 ಲಕ್ಷ ಟನ್ನಿಗೂ ಹೆಚ್ಚು ಅಕ್ಕಿಯನ್ನು ತರಿಸಿ ಹಳ್ಳಿಗಳವರೆಗೆ ಸಾಗಿಸಿದನು. ಸಾವು ಬಹಳ ಕಡಿಮೆಯಾಯಿತು. ಆದರೆ ಅವನಿಗೆ ದೊರೆತದ್ದು ಪ್ರಶಂಸೆಗಿಂತ ಹೆಚ್ಚಾಗಿ ದುಂದುಗಾರನೆಂಬ ಅಪವಾದ. ಸಾವುಗಳಾಗಲಿಲ್ಲವಾದ್ದರಿಂದ ಬರವೇ ಇರಲಿಲ್ಲವೆಂದೂ ಟೀಕಾಕಾರರು ವಾದಿಸಿದರು. ಮೂರು ವರ್ಷಗಳ ಅನಂತರ ದಕ್ಷಿಣಕ್ಕೆ ಬಂದ ಟೆಂಪಲ್ ಈ ಅಪವಾದವನ್ನು ತೊಳೆದುಕೊಳ್ಳಲು ಹೊರಟವನಂತೆ ನಡೆದುಕೊಂಡನು ಎಂಬುದು ಮುಂದಿನ ಘಟನೆಗಳಿಂದ ಸ್ಪಷ್ಟವಾಗುತ್ತದೆ.

4. ಮದರಾಸಿನ ಗುಟ್ಟಿನ ಖರೀದಿ

1876ರಲ್ಲಿ ಮಳೆ ಕೈಕೊಟ್ಟ ಸುದ್ದಿ ಬಳ್ಳಾರಿ, ಕಡಪ, ಕರ್ನೂಲು ಜಿಲ್ಲೆಗಳಿಂದ ಮದರಾಸಿಗೆ ತಲುಪಿದಾಗ ಗವರ್ನರ್ ಆಗಿದ್ದವನು ಬಕಿಂಗ್‌ಹ್ಯಾಂ ಡ್ಯೂಕ್. ಅಂದಿನ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಅದರ ಪಶ್ಚಿಮ ಭಾಗದ ಜನರು ಬಹುಪಾಲು ಕನ್ನಡಿಗರು. ವರ್ಷದ ಕೊನೆಯ ತಿಂಗಳುಗಳಲ್ಲಿ ಬೆಲೆಗಳು ನೆಗೆದವು; ಪೇಟೆಗಳಲ್ಲಿ ಧಾನ್ಯದ ಲೂಟಿ ಆರಂಭವಾಯಿತು. ಈ ಸಂದರ್ಭದಲ್ಲಿ ಮದರಾಸು ಸರ್ಕಾರ ಅರ್ಬತ್‌ನಾಟ್ ಮತ್ತು ಕಂಪನಿ ಎಂಬ ಮದರಾಸಿನ ಪ್ರಸಿದ್ಧ ವ್ಯಾಪಾರೀ ಸಂಸ್ಥೆಯ ಮೂಲಕ 30,000 ಟನ್ ಧಾನ್ಯವನ್ನು ಕೊಳ್ಳಲು ಗುಟ್ಟಾಗಿ ವ್ಯವಸ್ಥೆ ಮಾಡಿತು.

ಗುಟ್ಟು ಏಕೆ ಬೇಕಾಯಿತು ಎಂಬುದು ಮುಖ್ಯವಾದ ಪ್ರಶ್ನೆ. ಸರ್ಕಾರ ಪೇಟೆಗೆ ಇಳಿದಿದೆಯೆಂದು ತಿಳಿದರೆ, ಅದು ಕಡಿಮೆ ಬೆಲೆಗೆ ಮಾರಿ ತಮಗೆ ನಷ್ಟವುಂಟುಮಾಡಬಹುದೆಂದು ಇತರ ವರ್ತಕರು ಹೆದರಿ ಧಾನ್ಯ ತರಿಸುವುದನ್ನು ನಿಲ್ಲಿಸುತ್ತಾರೆ ಎಂಬ ಅಳುಕು ಸರ್ಕಾರಕ್ಕಿತ್ತು. ಆದ್ದರಿಂದ ಒಂದು ಸಂಸ್ಥೆಯ ಹೆಸರಿನ ಮರೆಯಲ್ಲಿ ಖರೀದಿ ನಡೆಯಿತು. ಕೊಂಡ ಧಾನ್ಯವನ್ನು ಪೇಟೆಯಲ್ಲಿ ಮಾರುವ ಉದ್ದೇಶವಿರಲಿಲ್ಲ. ಪರಿಹಾರ ಕಾಮಗಾರಿಗಳಲ್ಲಿ ದುಡಿಯುವವರಿಗೆ ಆಹಾರ ತಪ್ಪಬಾರದು ಎಂಬುದೇ ಉದ್ದೇಶವಾಗಿತ್ತು. ಸರ್ಕಾರದ ಹಣ ಮತ್ತು ವ್ಯಾಪಾರೀ ಸಂಸ್ಥೆಯ ಸಂಪರ್ಕ ಒಂದಾಗಿ ನಡೆಸಿದ ಈ ಖರೀದಿ ಆಧುನಿಕ ಅರ್ಥದ ಸಹಭಾಗಿತ್ವಕ್ಕೆ ದಕ್ಷಿಣ ಭಾರತದ ಆರಂಭದ ನಿದರ್ಶನಗಳಲ್ಲಿ ಒಂದೆಂದು ಹೇಳಬಹುದು.

ಭಾರತ ಸರ್ಕಾರ ಇದನ್ನು ಮೆಚ್ಚಲಿಲ್ಲ. ವೈಸರಾಯ್ ಲಿಟ್ಟನ್ 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಸಾರುವ ದರ್ಬಾರು ನಡೆಸಿದನು. ಅದೇ ತಿಂಗಳು ಟೆಂಪಲ್‌ನನ್ನು ಬರದ ಪ್ರತಿನಿಧಿಯನ್ನಾಗಿ ದಕ್ಷಿಣಕ್ಕೆ ಕಳುಹಿಸಲಾಯಿತು. ಖಾಸಗಿ ವ್ಯಾಪಾರದಲ್ಲಿ ಕೈಹಾಕಬಾರದು, ಖರ್ಚನ್ನು ಹಿಡಿತದಲ್ಲಿಡಬೇಕು ಎಂಬುದು ಅವನಿಗೆ ಕೊಟ್ಟ ಸೂಚನೆಗಳ ಸಾರ. ಸರ್ಕಾರದ ಖರೀದಿ ಅಲ್ಲಿಗೆ ನಿಂತಿತು.

ವರ್ತಕರು ಸುಮ್ಮನೆ ಕುಳಿತಿದ್ದರು ಎನ್ನಲಾಗದು. ಬಂಗಾಳ ಮತ್ತು ಬರ್ಮಾಗಳಿಂದ ಅವರು ಅಕ್ಕಿಯನ್ನು ಭಾರೀ ಪ್ರಮಾಣದಲ್ಲಿ ಹಡಗುಗಳಲ್ಲಿ ತರಿಸಿದರು. ಆ ಧಾನ್ಯ ಬಾರದಿದ್ದರೆ ಸಾವು ಇನ್ನೂ ಹೆಚ್ಚುತ್ತಿತ್ತು ಎಂಬುದರಲ್ಲಿ ಸಂಶಯವಿಲ್ಲ. ಅದೇ ಕಾಲದಲ್ಲಿ ಭಾರತದ ಇತರ ಬಂದರುಗಳಿಂದ ಇಂಗ್ಲೆಂಡಿಗೆ ಗೋದಿ ರಫ್ತಾಗುತ್ತಲೂ ಇತ್ತು. ಎರಡೂ ವ್ಯಾಪಾರದ ಒಂದೇ ನಿಯಮದ ಫಲಗಳು: ಧಾನ್ಯ ಕೊಳ್ಳುವ ಶಕ್ತಿಯಿರುವ ಕಡೆಗೆ ಹರಿಯುತ್ತದೆ. ಹಸಿವು ಇರುವ ಕಡೆಗೆ ಅದು ತಾನಾಗಿ ಹರಿಯುವುದಿಲ್ಲ. ಬರಗಾಲದ ಸಾವಿಗೆ ಆಹಾರದ ಅಭಾವಕ್ಕಿಂತ ಆಹಾರದ ಮೇಲಿನ ಹಕ್ಕಿನ ನಷ್ಟ ಹೆಚ್ಚು ಕಾರಣವಾಗಬಲ್ಲದೆಂದು ಅಮರ್ತ್ಯ ಸೇನ್ 1981ರಲ್ಲಿ ಪ್ರತಿಪಾದಿಸಿದ್ದನ್ನು ಇಲ್ಲಿ ನೆನೆಯಬಹುದು.

5. ರೈಲು, ಬಂಡಿ ಮತ್ತು ಒಂದು ಪೌಂಡಿನ ಕೂಲಿ

ಹಡಗಿನಿಂದ ಇಳಿದ ಧಾನ್ಯವನ್ನು ಒಳನಾಡಿಗೆ ಸಾಗಿಸುವ ಕೆಲಸ ರೈಲ್ವೆ ಕಂಪನಿಗಳ ಪಾಲಿಗೆ ಬಂತು. ಮದರಾಸು ರೈಲ್ವೆಯಾಗಲಿ, ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯಾಗಲಿ ಇಂಗ್ಲೆಂಡಿನ ಷೇರುದಾರರ ಕಂಪನಿಗಳು. ಅವರ ಬಂಡವಾಳಕ್ಕೆ ಭಾರತದ ಕಂದಾಯದಿಂದ ಬಡ್ಡಿಯ ಖಾತರಿ ಇತ್ತು. ಲಾಭ ಬಂದರೆ ಕಂಪನಿಗೆ, ನಷ್ಟವಾದರೆ ಖಜಾನೆಗೆ ಎಂಬ ಈ ಏರ್ಪಾಟು ಶಾಂತಿಕಾಲದ ಸಹಭಾಗಿತ್ವದ ಸ್ವರೂಪವಾಗಿತ್ತು. ಈ ಎರಡು ಕಂಪನಿಗಳ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದ್ದವು. ಬೆಂಗಳೂರಿಗೆ ಜೋಲಾರ್‌ಪೇಟೆಯಿಂದ 1864ರಲ್ಲಿಯೇ ರೈಲು ಬಂದಿತ್ತು.

ರೈಲು ಇಲ್ಲದಿದ್ದರೆ ಬಳ್ಳಾರಿಗೆ ಧಾನ್ಯವೇ ಬರುತ್ತಿರಲಿಲ್ಲ. ಆದರೆ ರೈಲಿನ ಶಕ್ತಿಗೂ ಮಿತಿಯಿತ್ತು. ಮದರಾಸಿನ ಕಡಲತೀರದಲ್ಲಿ ಮೂಟೆಗಳು ರಾಶಿಬಿದ್ದವು. ಸಾಕಷ್ಟು ಗಾಡಿಗಳಿಲ್ಲದೆ ನಿಲ್ದಾಣಗಳಲ್ಲಿಯೂ ಧಾನ್ಯ ಕಾಯಬೇಕಾಯಿತು. ಅದಕ್ಕಿಂತ ದೊಡ್ಡ ಸಮಸ್ಯೆ ನಿಲ್ದಾಣದಾಚೆ ಇತ್ತು. ಮೇವು ನೀರಿಲ್ಲದೆ ಎತ್ತುಗಳು ಸಾಯುತ್ತಿದ್ದವು. ಎತ್ತು ಇಲ್ಲದ ಬಂಡಿ ನಿಲ್ದಾಣದಿಂದ ಹತ್ತು ಹರದಾರಿ ದೂರದ ಊರಿಗೆ ಧಾನ್ಯ ಒಯ್ಯುವುದು ಹೇಗೆ? ಉಳಿದ ಬಂಡಿಗಳ ಬಾಡಿಗೆ ಏರಿತು; ಎತ್ತಿನ ಮೇವಿನ ಬೆಲೆಯೂ ಆ ಬಾಡಿಗೆಗೆ ಸೇರಿತು. ಹೇರೆತ್ತಿನ ಹಳೆಯ ವ್ಯವಸ್ಥೆಯನ್ನು ರೈಲು ಬದಿಗೆ ಸರಿಸಿತ್ತು. ಆದರೆ ಆ ವ್ಯವಸ್ಥೆ ಮಾಡುತ್ತಿದ್ದ ಕೊನೆಯ ಕೆಲಸವನ್ನು ತಾನು ವಹಿಸಿಕೊಂಡಿರಲಿಲ್ಲ.

ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಲಾದಗಿ ಜಿಲ್ಲೆ, ಎಂದರೆ ಇಂದಿನ ವಿಜಯಪುರ ಮತ್ತು ಬಾಗಲಕೋಟೆಯ ಸೀಮೆ, ಇನ್ನೂ ಕೆಟ್ಟ ಸ್ಥಿತಿಯಲ್ಲಿತ್ತು. ಅಲ್ಲಿಗೆ ರೈಲೇ ಇರಲಿಲ್ಲ. ಸೊಲ್ಲಾಪುರದಲ್ಲಿ ಇಳಿದ ಧಾನ್ಯ ಬಂಡಿಯಲ್ಲಿ ಭೀಮೆಯನ್ನು ದಾಟಿ ಬರಬೇಕಾಗಿತ್ತು. 1872 ಮತ್ತು 1881ರ ಜನಗಣತಿಗಳ ನಡುವೆ ಆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗದಷ್ಟು ಕುಸಿಯಿತು. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50,55,412 ಇದ್ದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಸಂಸ್ಥಾನದೊಳಗಿನ ಏಕೈಕ ರೈಲು ಬೆಂಗಳೂರಿನಲ್ಲಿ ಕೊನೆಗೊಳ್ಳುತ್ತಿತ್ತು. ಧಾನ್ಯ ಊರಿಗೆ ಬಾರದಿದ್ದಾಗ ಊರಿನವರೇ ಧಾನ್ಯವಿದ್ದ ಕಡೆಗೆ ನಡೆದರು. ಬೆಂಗಳೂರಿನ ದಾರಿಗಳಲ್ಲಿ ಜನ ಬಿದ್ದು ಸತ್ತದ್ದಕ್ಕೆ ಇದೂ ಒಂದು ಕಾರಣ.

ಧಾನ್ಯ ತಲುಪಿದ ಕಡೆಯಲ್ಲಿಯೂ ಅದನ್ನು ಕೊಳ್ಳುವ ಶಕ್ತಿ ಪರಿಹಾರ ಕಾಮಗಾರಿಯ ಕೂಲಿಯಿಂದಲೇ ಬರಬೇಕಾಗಿತ್ತು. ವ್ಯಾಪಾರಿ ಧಾನ್ಯ ತರಲಿ, ಸರ್ಕಾರ ಕೂಲಿ ಕೊಡಲಿ, ಕೂಲಿಯವನು ಕೊಂಡು ಉಣ್ಣಲಿ ಎಂಬುದು ಆ ಸಹಕಾರದ ಸೂತ್ರ. ಸೂತ್ರದಲ್ಲಿ ದೋಷವಿರಲಿಲ್ಲ, ಕೂಲಿಯ ಲೆಕ್ಕದಲ್ಲಿ ಇತ್ತು. 1877ರ ಆರಂಭದಲ್ಲಿ ಟೆಂಪಲ್ ದುಡಿಯುವ ಗಂಡಾಳಿನ ಕೂಲಿಯನ್ನು ಒಂದು ಪೌಂಡ್ ಧಾನ್ಯದ ಬೆಲೆ ಮತ್ತು ಅದರ ಮೇಲೆ ಅರ್ಧ ಆಣೆಗೆ ಇಳಿಸಿದನು. ದಿನವಿಡೀ ಮಣ್ಣು ಹೊರುವವನಿಗೆ ಇದು ಸಾಲದೆಂದು ಮದರಾಸಿನ ನೈರ್ಮಲ್ಯ ಕಮಿಷನರ್ ಡಾ. ಕಾರ್ನಿಷ್ ದೇಹಧರ್ಮದ ಆಧಾರದ ಮೇಲೆ ಬಲವಾಗಿ ಪ್ರತಿಭಟಿಸಿದನು. ಕೆಲವು ತಿಂಗಳ ಅನಂತರ ಕೂಲಿ ಏರಿತಾದರೂ, ಆ ವೇಳೆಗೆ ಸೊರಗಿದ ದೇಹಗಳಿಗೆ ಮಳೆಗಾಲದ ಜ್ವರ, ಕಾಲರಾಗಳು ಕಾದಿದ್ದವು. ಪೇಟೆಯ ಬೆಲೆ ದಿನದಿನಕ್ಕೆ ಏರುತ್ತಿದ್ದಾಗ ಬಡವನ ಕೂಲಿಯನ್ನು ಬದುಕಿನ ಅಂಚಿನಲ್ಲಿ ನಿಲ್ಲಿಸಿದರೆ, ಅಪಾಯದ ಭಾರವೆಲ್ಲ ಅವನ ಮೇಲೆಯೇ ಬೀಳುತ್ತದೆ. ರೈಲ್ವೆ ಕಂಪನಿಯ ಬಂಡವಾಳಕ್ಕೆ ಖಾತರಿ ಇತ್ತು. ವರ್ತಕನಿಗೆ ಸರ್ಕಾರ ತನ್ನೊಂದಿಗೆ ಸ್ಪರ್ಧಿಸುವುದಿಲ್ಲವೆಂಬ ಅಭಯವಿತ್ತು. ಕೂಲಿಯವನಿಗೆ ಮಾತ್ರ ಯಾವ ಖಾತರಿಯೂ ಇರಲಿಲ್ಲ.

6. ಸಹಕಾರ ಫಲಿಸಿದ ಕಡೆ

ಇಡೀ ಕಥನ ವೈಫಲ್ಯದ್ದೇ ಅಲ್ಲ. 1877ರ ಆಗಸ್ಟ್‌ನಲ್ಲಿ ಮದರಾಸಿನಲ್ಲಿ ನಡೆದ ಸಾರ್ವಜನಿಕ ಸಭೆಯ ಮನವಿಗೆ ಓಗೊಟ್ಟು ಲಂಡನ್ನಿನ ಮೇಯರನು ಪರಿಹಾರ ನಿಧಿಯನ್ನು ತೆರೆದನು. ಲಕ್ಷಾಂತರ ಪೌಂಡುಗಳು ಕೂಡಿಬಂದವು. ಮದರಾಸಿನ ಪತ್ರಿಕಾ ಸಂಪಾದಕನಾಗಿದ್ದ ವಿಲಿಯಂ ಡಿಗ್ಬಿ ಈ ನಿಧಿಯ ಕಾರ್ಯದರ್ಶಿಯಾಗಿ ದುಡಿದನು. 1878ರಲ್ಲಿ ಅವನು ಪ್ರಕಟಿಸಿದ ಎರಡು ಸಂಪುಟಗಳ ಗ್ರಂಥ ಈ ಬರದ ಮುಖ್ಯ ಆಕರಗಳಲ್ಲೊಂದು.

ಈ ನಿಧಿಯ ವಿನಿಯೋಗ ಭಿನ್ನ ಮಾದರಿಯದಾಗಿತ್ತು. ಜಿಲ್ಲೆ ಮತ್ತು ತಾಲ್ಲೂಕುಗಳಲ್ಲಿ ಅಧಿಕಾರಿಗಳು, ವರ್ತಕರು, ಪಾದ್ರಿಗಳು, ಊರ ಪ್ರಮುಖರು ಸೇರಿದ ಸಮಿತಿಗಳು ರಚನೆಯಾದವು. ಸರ್ಕಾರದ ಪರಿಹಾರ ಪ್ರಾಣ ಉಳಿಸುವುದಕ್ಕೆ ಸೀಮಿತವೆಂದೂ, ನಿಧಿಯ ಹಣ ಬದುಕನ್ನು ಮತ್ತೆ ಕಟ್ಟುವುದಕ್ಕೆಂದೂ ಕೆಲಸ ಹಂಚಿಕೆಯಾಯಿತು. ಬೀಜಕ್ಕೆ, ಎತ್ತಿಗೆ, ಮನೆಯ ಮಾಡಿಗೆ, ಉಡುವ ಬಟ್ಟೆಗೆ ನೇರವಾಗಿ ರೈತರ ಕೈಗೆ ಹಣ ಸಂದಿತು. ನೇಕಾರರ ವಿಷಯದಲ್ಲಿ ಇನ್ನೂ ವಿವೇಕದ ಕ್ರಮ ನಡೆಯಿತು. ಬಟ್ಟೆ ಕೊಳ್ಳುವವರಿಲ್ಲದೆ ಮಗ್ಗ ನಿಂತಾಗ, ಕಲ್ಲು ಒಡೆಯುವ ಕೆಲಸಕ್ಕೆ ಅವರನ್ನು ಕಳುಹಿಸುವ ಬದಲು ನೂಲು ಒದಗಿಸಿ, ನೆಯ್ದ ಬಟ್ಟೆಯನ್ನು ಕೊಂಡುಕೊಳ್ಳುವ ಏರ್ಪಾಟು ಮದರಾಸು ಪ್ರಾಂತದಲ್ಲಿ ಆಯಿತು. ಇದರಿಂದ ಕೈಯ ಕಸುಬು ಉಳಿಯಿತು, ಮನೆ ಉಳಿಯಿತು.

ಇಲ್ಲಿ ಸಹಕಾರ ಫಲಿಸಲು ಕಾರಣವೇನು? ಸ್ಥಳೀಯ ಸಮಿತಿಯ ವರ್ತಕನಿಗೆ ಯಾವ ಕೇರಿಯಲ್ಲಿ ಯಾರ ಮಗ್ಗ ನಿಂತಿದೆ ಎಂಬುದು ತಿಳಿದಿತ್ತು. ಹಗೇವಿನ ಕಾಲದಲ್ಲಿ ಊರಿಗೆ ಇದ್ದ ತಿಳಿವಳಿಕೆಯೇ ಇದು. ಹಣ, ಸಾಗಣೆ ಮತ್ತು ಅಧಿಕಾರದ ಜೊತೆಗೆ ಈ ತಿಳಿವಳಿಕೆ ಕೂಡಿದಾಗ ನಿಲ್ದಾಣದಿಂದ ಊರಿನವರೆಗಿನ ದಾರಿ ತೆರೆಯಿತು. ಆದರೆ ಬಹಳ ತಡವಾಗಿ ತೆರೆಯಿತು. ಹೊತ್ತಿಗೆ ಮುಂಚೆ ಸತ್ತವರಿಗೆ ಅದರಿಂದ ಪ್ರಯೋಜನವಾಗಲಿಲ್ಲ.

7. ಬರದ ಅನಂತರ

1878ರಲ್ಲಿ ರಿಚರ್ಡ್ ಸ್ಟ್ರಾಚಿಯ ಅಧ್ಯಕ್ಷತೆಯಲ್ಲಿ ನೇಮಕವಾದ ಕ್ಷಾಮ ಆಯೋಗ 1880ರಲ್ಲಿ ವರದಿ ಸಲ್ಲಿಸಿತು. ಅದರ ಆಧಾರದ ಮೇಲೆ 1883ರಲ್ಲಿ ಕ್ಷಾಮ ಸಂಹಿತೆ ರೂಪುಗೊಂಡಿತು. ಪರಿಹಾರ ಕೊಡುವುದು ಸರ್ಕಾರದ ಕರ್ತವ್ಯವೆಂಬುದನ್ನು ಆಯೋಗ ಒಪ್ಪಿತು; ಬರದ ಮುನ್ಸೂಚನೆಗಳನ್ನು ಗುರುತಿಸುವ ಕ್ರಮವನ್ನು ಸೂಚಿಸಿತು. ಇವು ದೊಡ್ಡ ಹೆಜ್ಜೆಗಳೇ. ಆದರೆ ಧಾನ್ಯದ ವ್ಯಾಪಾರವನ್ನು ವರ್ತಕರಿಗೇ ಬಿಡಬೇಕೆಂಬ ತತ್ವವನ್ನು ಬಹುಮತ ಎತ್ತಿಹಿಡಿಯಿತು. ಆಯೋಗದ ಸದಸ್ಯರಾದ ಜೇಮ್ಸ್ ಕೇರ್ಡ್ ಮತ್ತು ಸಲಿವನ್ ಮಾತ್ರ ಭಿನ್ನಮತ ಸೂಚಿಸಿ, ಧಾನ್ಯದ ದಾಸ್ತಾನಿನ ಹೊಣೆಯನ್ನು ಸರ್ಕಾರ ವಹಿಸಿಕೊಳ್ಳಬೇಕೆಂದರು. ಹಗೇವಿನ ಹಿಂದಿದ್ದ ಆಲೋಚನೆ ಆಯೋಗದೊಳಗೂ ಒಂದು ದನಿಯಾಗಿ ಕೇಳಿಬಂದು ಸೋತಿತು.

ಆಯೋಗ ಮುಖ್ಯ ಪರಿಹಾರವೆಂದು ಕಂಡದ್ದು ರೈಲನ್ನು. ಬರದ ನಾಡನ್ನು ಹಾದುಹೋಗುವ ಹಳಿಗಳಿಗಾಗಿ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಹೊಟಗಿಯಿಂದ ವಿಜಯಪುರದ ಮೂಲಕ ಗದಗಿಗೆ ರೈಲು ಬಂತು. ಮೈಸೂರಿನಲ್ಲಿ ಬರದ ಪರಿಹಾರ ಕಾಮಗಾರಿಯಾಗಿ ಬೆಂಗಳೂರು–ಮೈಸೂರು ರೈಲುಮಾರ್ಗದ ಮಣ್ಣಿನ ಕೆಲಸ ಆರಂಭವಾಯಿತು. ಆ ಮಾರ್ಗ 1882ರ ಹೊತ್ತಿಗೆ ಸಂಚಾರಕ್ಕೆ ತೆರೆಯಿತು. ಇಂದಿಗೂ ಆ ಮಾರ್ಗದಲ್ಲಿ ಪ್ರಯಾಣಿಸುವವರು ಬರಗಾಲದ ಕೂಲಿಗಳು ಹೊತ್ತ ಮಣ್ಣಿನ ಮೇಲೆ ಸಾಗುತ್ತಿದ್ದಾರೆ. 1881ರಲ್ಲಿ ರಾಜ್ಯವು ಒಡೆಯರ ಮನೆತನಕ್ಕೆ ಮರಳಿದಾಗ ಬರದ ಕಾರಣದಿಂದ ಉಂಟಾದ 80 ಲಕ್ಷ ರೂಪಾಯಿಗಳ ಸಾಲವೂ ಜೊತೆಗೆ ಬಂತು. ದಿವಾನ್ ರಂಗಾಚಾರ್ಲು ಅವರ ಆಡಳಿತ ಈ ಭಾರದೊಂದಿಗೇ ಆರಂಭವಾಯಿತು. ಮುಂದೆ ಸಂಸ್ಥಾನದ ರೈಲುಮಾರ್ಗಗಳ ನಿರ್ವಹಣೆ ಸದರ್ನ್ ಮರಾಠಾ ಕಂಪನಿಗೆ ಹೋಯಿತು. ಬರ ಎಂಬ ವಿಪತ್ತು ಸಾರ್ವಜನಿಕ ಸಾಲವಾಗಿ, ಆ ಸಾಲ ಕಂಪನಿಯೊಂದಿಗಿನ ಒಪ್ಪಂದವಾಗಿ ಮಾರ್ಪಟ್ಟ ಈ ಕ್ರಮ ವಿಶೇಷ ಅಧ್ಯಯನಕ್ಕೆ ಅರ್ಹವಾಗಿದೆ.

8. ಜನಪದ ಸಾಕ್ಷ್ಯದ ನೆಲೆ

ಮೇಲಿನ ವಿವರಗಳು ಬಹುಮಟ್ಟಿಗೆ ಶಿಷ್ಟ ದಾಖಲೆಗಳಿಂದ ಬಂದವು. ಜನಪದರ ಪ್ರಜ್ಞೆಯಲ್ಲಿ ಬರ ಹೇಗೆ ಮೂಡಿದೆ ಎಂಬುದನ್ನು ಇತಿಹಾಸಕಾರ ಡೇವಿಡ್ ಆರ್ನಲ್ಡ್ 1984ರ ತಮ್ಮ ಪ್ರಬಂಧದಲ್ಲಿ, ಇದೇ ಮದರಾಸು ಬರದ ಸಂದರ್ಭದಲ್ಲಿ, ಪರಿಶೀಲಿಸಿದ್ದಾರೆ. ರೈತರು ಬರವನ್ನು ದೈವದ ಮುನಿಸೆಂದು ಕಂಡರೂ ಧಾನ್ಯವನ್ನು ಬಚ್ಚಿಟ್ಟವರನ್ನು ದೈವದ ಹೆಸರಿನಲ್ಲಿ ಕ್ಷಮಿಸಲಿಲ್ಲ ಎಂಬುದನ್ನು ಅಂದಿನ ಪೇಟೆಯ ಲೂಟಿಗಳು ತೋರಿಸುತ್ತವೆ.

ಉತ್ತರ ಕರ್ನಾಟಕದ ಗುರ್ಜಿ ಆಚರಣೆಯನ್ನು ಈ ದೃಷ್ಟಿಯಿಂದ ಗಮನಿಸಬಹುದು. ಮಳೆ ಹೋದಾಗ ರೊಟ್ಟಿಯ ಹಂಚಿನ ಮೇಲೆ ಸೆಗಣಿ ಅಥವಾ ಮಣ್ಣಿನ ಗುರ್ಜಿಯನ್ನು ಇಟ್ಟು, ಹೊತ್ತವನು ಮನೆಮನೆಗೆ ಹೋಗುತ್ತಾನೆ. ಪ್ರತಿ ಮನೆಯವರೂ ನೀರು ಸುರಿದು, ಜೋಳವನ್ನೋ ಹಿಟ್ಟನ್ನೋ ನೀಡುತ್ತಾರೆ. ಕೂಡಿದ ಧಾನ್ಯದಿಂದ ಅಡುಗೆ ಮಾಡಿ ಊರವರೆಲ್ಲ ಉಣ್ಣುತ್ತಾರೆ. ಮಳೆಯ ಬೇಡಿಕೆ ಇದರ ಹೊರಮೈ. ಯಾರ ಮನೆಯಲ್ಲಿ ನೀಡಲು ಇದೆ, ಯಾರ ಮನೆಯಲ್ಲಿ ಇಲ್ಲ ಎಂಬುದು ಆ ಒಂದು ಸುತ್ತಿನಲ್ಲಿ ಊರಿಗೆ ತಿಳಿದುಬಿಡುತ್ತದೆ ಎಂಬುದು ಒಳಗಿನ ಮಾತು. ಇದನ್ನು ಬರ ಪರಿಹಾರದ ಯೋಜನೆಯೆಂದು ಕರೆಯುವುದು ಅತಿಶಯವಾದೀತು. ಆದರೆ ಪರಿಹಾರಕ್ಕೆ ಮೊದಲು ಆಗಬೇಕಾದ ಎಣಿಕೆ ಇದರಲ್ಲಿದೆ.

ಬರಗಾಲದಲ್ಲಿ ಅಧಿಕ ಮಾಸ ಎಂಬ ಗಾದೆ ಎಲ್ಲರಿಗೂ ತಿಳಿದದ್ದು. ಕಷ್ಟದ ಮೇಲೆ ಕಷ್ಟ ಎಂಬ ಅರ್ಥದಲ್ಲಿ ಅದನ್ನು ಬಳಸುತ್ತೇವೆ. ಅದರ ಮೂಲದಲ್ಲಿ ಕಾಲದ ಲೆಕ್ಕವಿದೆ: ಸುಗ್ಗಿ ಒಂದು ತಿಂಗಳು ಮುಂದೆ ಹೋದರೆ ಆ ತಿಂಗಳನ್ನು ದಾಟಿಸುವ ಧಾನ್ಯ ಎಲ್ಲಿದೆ? ಆಡಳಿತ ವರ್ಷದ ಲೆಕ್ಕದಲ್ಲಿ ಯೋಚಿಸಿತು, ವ್ಯಾಪಾರ ಬೆಲೆಯ ಲೆಕ್ಕದಲ್ಲಿ ಯೋಚಿಸಿತು. ಹಸಿದವನ ಲೆಕ್ಕ ಮಾತ್ರ ದಿನದ್ದು.

9. ಉಪಸಂಹಾರ

ವಿಪತ್ತಿನಲ್ಲಿ ಸರ್ಕಾರ ಮತ್ತು ಉದ್ದಿಮೆಗಳ ಸಹಕಾರ ಇಂದು ಕಾನೂನಿನ ಚೌಕಟ್ಟಿಗೆ ಬಂದಿದೆ. 2005ರ ವಿಪತ್ತು ನಿರ್ವಹಣಾ ಕಾಯಿದೆ ಸರ್ಕಾರದ ಹೊಣೆಯನ್ನು ನಿಗದಿಪಡಿಸಿತು. 2013ರ ಕಂಪನಿ ಕಾಯಿದೆ ನಿಗದಿತ ಮಟ್ಟಕ್ಕಿಂತ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವ್ಯಯಿಸಬೇಕೆಂದಿತು. 2019ರಲ್ಲಿ ವಿಪತ್ತು ಪರಿಹಾರ ಮತ್ತು ಪುನರ್ವಸತಿಯನ್ನು ಆ ಕಾರ್ಯಗಳ ಪಟ್ಟಿಗೆ ಸೇರಿಸಲಾಯಿತು. ಇದಕ್ಕೂ ಮೊದಲೇ, 2009ರ ಅಕ್ಟೋಬರ್ ಮೊದಲ ವಾರದ ನೆರೆಯಲ್ಲಿ, ಹಿಂದೆ ಧಾತು ಬರಕ್ಕೆ ಸಿಕ್ಕಿ ನಲುಗಿದ ಸೀಮೆಗಳೇ ಮುಳುಗಿದಾಗ, ಆಸರೆ ಯೋಜನೆಯಡಿ ಸರ್ಕಾರ ನಿವೇಶನ ಒದಗಿಸುವುದು, ಉದ್ದಿಮೆಗಳು ಮತ್ತು ಇತರ ದಾನಿಗಳು ಮನೆ ಕಟ್ಟಿಕೊಡುವುದು ಎಂಬ ಒಪ್ಪಂದಗಳಾದವು. ಅನೇಕರಿಗೆ ಇದರಿಂದ ಸೂರು ದೊರೆಯಿತು. ಹೊಲ ದೂರವಾಯಿತು, ದನಕರುಗಳಿಗೆ ಜಾಗವಿಲ್ಲ ಎಂಬ ಕಾರಣಗಳಿಂದ ಕೆಲವೆಡೆ ಜನ ನವಗ್ರಾಮಗಳಿಗೆ ಹೋಗಲು ಹಿಂಜರಿದದ್ದೂ ಉಂಟು. ಮನೆ ಕಟ್ಟಿ ಮುಗಿದಲ್ಲಿಗೆ ದಾನಿಯ ಹೊಣೆ ಮುಗಿದಿತ್ತು. ಹಕ್ಕುಪತ್ರ ಕೊಟ್ಟಲ್ಲಿಗೆ ಸರ್ಕಾರದ ಹೊಣೆ ಮುಗಿದಿತ್ತು. ಆ ಮನೆಯಲ್ಲಿ ಬದುಕು ಸಾಗುವುದೇ ಎಂದು ಕೇಳುವ ಹೊಣೆ ಇಬ್ಬರ ನಡುವೆ ಉಳಿದುಹೋಯಿತು.

ಎರಡು ವಿಪತ್ತುಗಳನ್ನು ಸಮೀಕರಿಸುವುದು ಇಲ್ಲಿನ ಉದ್ದೇಶವಲ್ಲ. ಪ್ರಜಾಪ್ರಭುತ್ವ, ಪತ್ರಿಕೆ, ನ್ಯಾಯಬೆಲೆ ಅಂಗಡಿ, 2013ರ ಆಹಾರ ಭದ್ರತಾ ಕಾಯಿದೆ ಇವೆಲ್ಲ ನಮ್ಮ ಕಾಲವನ್ನು ಬೇರೆಯಾಗಿಸಿವೆ. ಆದರೂ 1876–78ರ ಅನುಭವ ಒಂದು ಪರೀಕ್ಷೆಯನ್ನು ನಮ್ಮ ಕೈಗೆ ಕೊಟ್ಟಿದೆ. ಆಪತ್ಕಾಲದ ಯಾವ ಒಪ್ಪಂದವನ್ನಾದರೂ ಮುಂದಿಟ್ಟುಕೊಂಡು ಮೂರು ಪ್ರಶ್ನೆಗಳನ್ನು ಕೇಳಬೇಕು. ನಷ್ಟವಾದರೆ ಅದನ್ನು ಯಾರು ಹೊರುತ್ತಾರೆ? ಕೊನೆಯ ಹರದಾರಿಯ ಹೊಣೆ ಯಾರ ಹೆಸರಿನಲ್ಲಿ ಬರೆದಿದೆ? ಯಾರ ಮನೆಯಲ್ಲಿ ಏನಿಲ್ಲ ಎಂದು ಬಲ್ಲವರು ಆ ಒಪ್ಪಂದದಲ್ಲಿ ಇದ್ದಾರೆಯೇ? ಧಾತು ಸಂವತ್ಸರದಲ್ಲಿ ಈ ಮೂರು ಪ್ರಶ್ನೆಗಳಿಗೂ ಉತ್ತರವಿರಲಿಲ್ಲ. ಧಾನ್ಯದ ಮೂಟೆಗಳು ನಿಲ್ದಾಣದಲ್ಲಿದ್ದವು. ಜನ ದಾರಿಯಲ್ಲಿ ಸತ್ತರು. 1996ರಲ್ಲಿ ಮರಳಿ ಬಂದುಹೋದ ಆ ಸಂವತ್ಸರ ಇನ್ನು 2056ರಲ್ಲಿ ಬರಲಿದೆ. ಅಷ್ಟರಲ್ಲಿ ಈ ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಬರೆದಿಡುವುದು ಆಡಳಿತಗಾರರ ಕೆಲಸ. ಅವುಗಳನ್ನು ಮರೆಯದಂತೆ ನೋಡಿಕೊಳ್ಳುವುದು ಜಾನಪದ ಮತ್ತು ಇತಿಹಾಸಗಳ ವಿದ್ಯಾರ್ಥಿಗಳ ಕೆಲಸ.